ಎರಡು ಇಂಚಿನ ಜಮಾ–ಖರ್ಚು

2025ರ ಆಯುಧಪೂಜೆಗೆ ಗಾಡಿ ತೊಳೆದು, ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಡಲು ಬಗ್ಗಿದಾಗ ಒಂದು ವಿಷಯ ಹೊಳೆಯಿತು. ಹೋದ ನಾಲ್ಕು ಪೂಜೆಗಳಲ್ಲಿ ನಿಂಬೆಹಣ್ಣು ಇಟ್ಟದ್ದು ಒಂದು ಟೈರಿಗೆ, ಈ ಸಲ ಇಟ್ಟದ್ದು ಇನ್ನೊಂದಕ್ಕೆ. ನನ್ನ ಮಹೀಂದ್ರಾ ಥಾರ್ ಶ್ರಾವಣದಲ್ಲಿ ಮತ್ತೆ ಕಂಪನಿ ಕೊಟ್ಟ ಎತ್ತರಕ್ಕೆ ಇಳಿದಿದೆ. 2021ರ ದಸರಾ ಹೊತ್ತಿಗೆ ಹಾಕಿಸಿದ್ದ ಎರಡು ಇಂಚಿನ ಲಿಫ್ಟ್ ಕಿಟ್ ಬಿಚ್ಚಿ ಮೂಲೆ ಸೇರಿದೆ. ದೊಡ್ಡ ಟೈರುಗಳು ಊರಿನ ತೋಟದ ಟ್ರೈಲರೊಂದಕ್ಕೆ ಹೋಗಿವೆ. ಹಾಗಾದರೆ ಹಾಕಿಸಿದ್ದು ದಂಡವೇ? ಪೂರ್ತಿ ಅಲ್ಲ. ಆದರೆ ಲೆಕ್ಕ ಒಪ್ಪಿಸುವ ಕಾಲ ಬಂದಿದೆ.

ಒಪ್ಪಿಸಲು ಇನ್ನೂ ಒಂದು ಕಾರಣವಿದೆ. ಹೊಸ ಥಾರ್ ಮಾರುಕಟ್ಟೆಗೆ ಬಂದದ್ದು 2020ರ ಅಕ್ಟೋಬರ್ 2ರಂದು. ಈ ವಿಜಯದಶಮಿಗೆ ಸರಿಯಾಗಿ ಐದು ವರ್ಷ. 2023ರಲ್ಲಿ ಜಿಮ್ನಿ ಬಂತು, 2024ರಲ್ಲಿ ಐದು ಬಾಗಿಲಿನ ಥಾರ್ ರಾಕ್ಸ್ ಬಂತು. ಇವೆಲ್ಲಕ್ಕೂ ಮೊದಲು ಫೋರ್-ವ್ಹೀಲ್ ಗಾಡಿಯೆಂದರೆ ಕಾಫಿ ತೋಟದವರದ್ದು, ಅರಣ್ಯ ಇಲಾಖೆಯದ್ದು, ಇಲ್ಲವೇ ಹುಚ್ಚು ಹತ್ತಿದ ನಾಲ್ಕು ಮಂದಿಯದ್ದು. ಈ ಐದು ವರ್ಷಗಳಲ್ಲಿ ಅದು ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತು, ಸಂಜೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವ ಗಾಡಿಯಾಯಿತು. ಅದರ ಜತೆಗೇ ಅದನ್ನು ಎತ್ತರಿಸುವ ಚಟವೂ ಊರಿಗೆ ಬಂತು. ನನಗೂ ಅಂಟಿತು.

ಮೊದಲು ಹಾಕಿಸಿದ್ದೇನು ಎಂಬುದನ್ನು ಹೇಳಿಬಿಡುತ್ತೇನೆ. ಕಂಪನಿ ಟೈರಿನ ಅಳತೆ 245/75 ಆರ್16. ಅದರ ಬದಲು 285/75 ಆರ್16. ಅಗಲ ಬಿಡಿ, ವ್ಯಾಸದ ಲೆಕ್ಕ ನೋಡಿ: ಹಳೆಯದು ಸುಮಾರು 774 ಮಿಲಿಮೀಟರ್, ಹೊಸದು 834. ಅರವತ್ತು ಮಿಲಿಮೀಟರ್ ಹೆಚ್ಚಾದರೂ ಆಕ್ಸಲ್ ಏರುವುದು ಅದರ ಅರ್ಧ, ಮೂವತ್ತು ಮಾತ್ರ. ಇಷ್ಟು ದೊಡ್ಡ ಟೈರು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ. ಹಾಗೆ ಉಜ್ಜದಿರಲಿ ಎಂದು ಎರಡು ಇಂಚು ಲಿಫ್ಟ್. ಅಂದರೆ ಟೈರಿಗಾಗಿ ಲಿಫ್ಟ್, ಲಿಫ್ಟಿಗಾಗಿ ಹೊಸ ಶಾಕ್ ಅಬ್ಸಾರ್ಬರ್, ಅದಕ್ಕಾಗಿ ಅಲೈನ್‌ಮೆಂಟ್. ಮದುವೆಗೆ ಒಂದು ಸೀರೆ ಕೊಳ್ಳಲು ಹೋಗಿ ಮನೆಗೆ ಸುಣ್ಣ ಬಣ್ಣ ಹೊಡೆಸಿದ ಹಾಗೆ.

ಜಮಾ ಪುಟವನ್ನೇ ಮೊದಲು ತೆರೆಯೋಣ. ಮುಂದಿನ ಬಂಪರು ಏರಿದ್ದರಿಂದ ಕಡಿದಾದ ದಿಬ್ಬಕ್ಕೆ ಮೂತಿ ಕೊಡುವಾಗ ತಾಗುವ ಭಯ ಹೋಯಿತು. ಎತ್ತರದ ಪಕ್ಕೆಯಿರುವ ದೊಡ್ಡ ಟೈರು ಬೆಂಗಳೂರಿನ ಗುಂಡಿಗಳನ್ನು ನುಂಗಿತು. ನಾಲ್ಕು ವರ್ಷದಲ್ಲಿ ಒಂದು ರಿಮ್ಮೂ ಬಾಗಲಿಲ್ಲ. ಕಲ್ಲು ಹಾಸಿದ ತೋಟದ ದಾರಿಯಲ್ಲಿ ಹೊಟ್ಟೆ ಉಜ್ಜುವ ಆ ಕರ್ಕಶ ಸದ್ದು ಮತ್ತೆ ಕೇಳಲಿಲ್ಲ. ಟ್ರಾಫಿಕ್ಕಿನಲ್ಲಿ ಎತ್ತರದ ಸೀಟಿನಿಂದ ನಾಲ್ಕು ಗಾಡಿ ಆಚೆಯದ್ದೂ ಕಾಣುತ್ತಿತ್ತು. ಗಾಡಿ ಚೆನ್ನಾಗಿ ಕಂಡದ್ದೂ ನಿಜ. ಆ ಸಂತೋಷವನ್ನು ಮುಚ್ಚಿಟ್ಟು ಲೆಕ್ಕ ಬರೆದರೆ ಅದು ಪ್ರಾಮಾಣಿಕ ಲೆಕ್ಕವಲ್ಲ.

ಇಷ್ಟು ಬರೆದ ಮೇಲೂ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಬಹಳ ಮಂದಿ ಮೋಸಹೋಗುವುದು ಅಲ್ಲೇ. ಥಾರ್‌ನ ಹಿಂದಿನ ಆಕ್ಸಲ್ ಒಂದೇ ಇಡಿಯಾದ ಕೊಳವೆ. ಅದರ ನಡುವೆ ಡಿಫರೆನ್ಶಿಯಲ್ ಗುಂಡಗೆ ಜೋತುಬಿದ್ದಿರುತ್ತದೆ. ದಾರಿಯ ನಡುವಿನ ಉಬ್ಬಿಗೆ, ಕಲ್ಲಿಗೆ ಮೊದಲು ಬಡಿಯುವುದು ಅದೇ. ಲಿಫ್ಟ್ ಕಿಟ್ ಎತ್ತುವುದು ಸ್ಪ್ರಿಂಗಿನ ಮೇಲಿರುವುದನ್ನು. ಆ ಗುಂಡು ಸ್ಪ್ರಿಂಗಿನ ಕೆಳಗಿದೆ. ಎರಡು ಇಂಚಲ್ಲ, ಆರು ಇಂಚು ಎತ್ತಿಸಿದರೂ ಅದು ಇದ್ದಲ್ಲೇ ಇರುತ್ತದೆ. ಅದನ್ನು ಏರಿಸಬಲ್ಲದ್ದು ಟೈರು ಮಾತ್ರ, ಅದೂ ಆ ಮೂವತ್ತು ಮಿಲಿಮೀಟರ್ ಮಾತ್ರ. ಲಿಫ್ಟ್ ಹಾಕಿಸಿದ ಗಾಡಿ ಹೊರಗಿನಿಂದ ಎಷ್ಟು ಎತ್ತರ ಕಾಣುತ್ತದೋ ಹಿಂಬದಿಯಲ್ಲಿ ನೆಲದಿಂದ ಅಷ್ಟು ಎತ್ತರ ಇರುವುದಿಲ್ಲ.

ಮುಂಬದಿಯ ಕತೆ ಬೇರೆ. ಅಲ್ಲಿ ಡಿಫರೆನ್ಶಿಯಲ್ ಚಾಸಿಗೇ ಬಿಗಿದಿರುವುದರಿಂದ ಲಿಫ್ಟಿನ ಜತೆ ಏರುತ್ತದೆ. ಚಕ್ರ ಕೆಳಗೇ ಉಳಿಯುತ್ತದೆ. ನಡುವಿನ ಡ್ರೈವ್ ಶಾಫ್ಟು ನೇರವಾಗಿ ತಿರುಗುವ ಬದಲು ಓರೆಯಾಗಿ ತಿರುಗುತ್ತದೆ. ಅದರ ಸಂದಿನ ರಬ್ಬರ್ ಬೂಟು ಯಾವಾಗಲೂ ಒಂದು ಕಡೆ ಮಡಿಚಿ ಇನ್ನೊಂದು ಕಡೆ ಎಳೆದುಕೊಂಡಿರುತ್ತದೆ. ಹದಿನಾಲ್ಕನೇ ತಿಂಗಳಿಗೆ ಬಲಚಕ್ರದ ರಿಮ್ಮಿನ ಒಳಮೈಗೆ ಕಪ್ಪು ಚುಕ್ಕೆಗಳು ಸಿಡಿದಿದ್ದವು. ಒರೆಸಿದೆ, ಮರುದಿನ ಮತ್ತೆ ಬಂದವು. ಬೂಟು ಹರಿದು ಗ್ರೀಸು ಹಾರುತ್ತಿತ್ತು. ಹಾಗೇ ಬಿಟ್ಟಿದ್ದರೆ ಮಣ್ಣು ನೀರು ಒಳಹೊಕ್ಕು ಇಡೀ ಜಾಯಿಂಟು ಹೋಗುತ್ತಿತ್ತು. ಅದಕ್ಕೂ ಮೊದಲೇ ಮುಂದಿನ ಟೈರುಗಳ ಒಂದೇ ಅಂಚು ಸವೆದಿತ್ತು: ಚಕ್ರದ ಓರೆ ಬದಲಾದದ್ದನ್ನು ಕಂಪನಿ ಬಿಡಿಭಾಗಗಳಲ್ಲಿ ಪೂರ್ತಿ ಸರಿಮಾಡಲು ಬರುವುದಿಲ್ಲವೆಂದು ಹಾಕಿಕೊಟ್ಟ ಗ್ಯಾರೇಜಿನವರು ಆಮೇಲೆ ಹೇಳಿದರು. ಮೊದಲೇ ಹೇಳಬಹುದಿತ್ತು. ನಾನೂ ಕೇಳಬಹುದಿತ್ತು.

ಖರ್ಚಿನ ಪುಟದಲ್ಲಿ ಕಣ್ಣಿಗೆ ಕಾಣದ ಬಾಬುಗಳೇ ಹೆಚ್ಚು. ಟೈರು ದೊಡ್ಡದಾದಾಗ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಅದು ಗೊತ್ತಿಲ್ಲ. ನನ್ನ ಟೈರುಗಳ ವ್ಯತ್ಯಾಸ ಶೇ 7.75. ನನ್ನ ಮೀಟರು ಆ ನಾಲ್ಕು ವರ್ಷದ ಓಟ 52,000 ಕಿಲೋಮೀಟರ್ ಎನ್ನುತ್ತದೆ, ಓಡಿದ್ದು 56,000. ಹತ್ತು ಸಾವಿರಕ್ಕೆ ಬದಲಿಸಬೇಕಾದ ಎಂಜಿನ್ ಆಯಿಲ್ ನಿಜವಾಗಿ ಬದಲಾದದ್ದು 10,775ಕ್ಕೆ. ಸ್ಪೀಡೂ ಹಾಗೆಯೇ. ಕಂಪನಿ ಮೀಟರು ಸಾಮಾನ್ಯವಾಗಿ ಕೊಂಚ ಹೆಚ್ಚೇ ತೋರಿಸುವುದರಿಂದ ಅಂತರ ಪೂರ್ತಿ ಅಷ್ಟಾಗಲಿಕ್ಕಿಲ್ಲ. ಆದರೂ 100ರ ಮಿತಿಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮುಳ್ಳು 95ರಲ್ಲಿದೆ ಎಂದು ನೆಮ್ಮದಿಯಾಗಿರಲು ಬರುವುದಿಲ್ಲ. ಮೈಲೇಜಿನ ವಿಷಯದಲ್ಲಿ ಇದೇ ತಪ್ಪು ನನ್ನನ್ನು ಅನಗತ್ಯವಾಗಿ ಹೆದರಿಸಿತು. ಲೀಟರಿಗೆ 12 ಕೊಡುತ್ತಿದ್ದ ಗಾಡಿ ಒಮ್ಮೆಲೇ 9.5ಕ್ಕೆ ಇಳಿಯಿತೆಂದು ಕೊರಗಿದೆ. ಮೀಟರಿನ ತಪ್ಪನ್ನು ತಿದ್ದಿ ನೋಡಿದರೆ ಅದು 10.2. ನಷ್ಟ ನಷ್ಟವೇ, ಆದರೆ ಅಂದುಕೊಂಡಷ್ಟಲ್ಲ.

ಎಂಜಿನ್ನಿನ ಮಟ್ಟಿಗೆ ದೊಡ್ಡ ಟೈರೆಂದರೆ ಪ್ರತಿ ಗೇರೂ ಕೊಂಚ ಭಾರವಾದಂತೆ. ಶಿರಾಡಿ ಘಾಟಿ ಹತ್ತುವಾಗ ಮೂರರಲ್ಲಿ ಹೋಗುತ್ತಿದ್ದ ತಿರುವಿಗೆ ಎರಡು ಬೇಕಾಯಿತು. ಬ್ರೇಕಿನದ್ದು ಇನ್ನೂ ಗಂಭೀರ. ಡಿಸ್ಕು ಅದೇ, ಪ್ಯಾಡು ಅದೇ. ತಡೆಯಬೇಕಾದ ಚಕ್ರ ಮಾತ್ರ ದೊಡ್ಡದು, ಭಾರ. ಪೆಡಲನ್ನು ಮೊದಲಿಗಿಂತ ಜೋರಾಗಿ, ಮೊದಲಿಗಿಂತ ಬೇಗ ಒತ್ತುವ ಅಭ್ಯಾಸವಾಗುವವರೆಗೆ ಎರಡು ಸಲ ಎದುರಿನ ಗಾಡಿಯ ಬೆನ್ನಿಗೆ ಮುತ್ತಿಡುವುದು ತಪ್ಪಿತು. ಇದಕ್ಕೆ ಎತ್ತರ ಸೇರಿ ತಿರುವಿನಲ್ಲಿ ಗಾಡಿ ವಾಲುತ್ತಿತ್ತು. ಹಿಂದೆ ಕೂತವರು ಹಿಡಿ ಹುಡುಕುತ್ತಿದ್ದರು.

ಸ್ಟೆಪ್ನಿಯನ್ನೂ ಮರೆಯಬಾರದು. ನಾಲ್ಕು ದೊಡ್ಡ ಟೈರು ಕೊಂಡು ಐದನೆಯದನ್ನು ಹಳೆಯದೇ ಬಿಡುವವರು ಬಹಳ. ಫೋರ್-ವ್ಹೀಲ್ ಹಾಕಿದ ಗಾಡಿಯಲ್ಲಿ ಒಂದು ಚಕ್ರ ಬೇರೆ ಅಳತೆಯದಾದರೆ ಗೇರುಗಳು ಒಂದರ ಮೇಲೊಂದು ಜಗ್ಗಾಡಿ, ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿಗೇ ಕುತ್ತು. ಐದೂ ಒಂದೇ ಆಗಬೇಕು. ಹಾಗೆ ಮಾಡಿದರೆ ಆ ಭಾರವನ್ನು ಹೊರುವ ಹಿಂಬಾಗಿಲಿನ ಕೀಲು ಜಗ್ಗುತ್ತದೆ.

ಇದೆಲ್ಲ ನನ್ನ ಜೇಬಿನ ಲೆಕ್ಕ. ಬೇರೆಯವರು ತೆತ್ತದ್ದೂ ಇದೆ. ಮೂತಿ ಏರಿದಾಗ ಹೆಡ್‌ಲೈಟೂ ಏರಿತು. ಅದನ್ನು ಇಳಿಸಿ ಹೊಂದಿಸಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಒಂದು ತಿಂಗಳು ಎಷ್ಟೋ ಬೈಕಿನವರ ಕಣ್ಣಿಗೆ ಬೆಳಕು ಹೊಡೆದಿದ್ದೆ. ಎತ್ತರದಿಂದ ದೂರದ್ದು ಕಾಣುತ್ತದೆ, ಹತ್ತಿರದ್ದು ಮರೆಯಾಗುತ್ತದೆ: ಬಾನೆಟ್ಟಿನ ಮುಂದೆ ನಿಂತ ಮಗು ಕಾಣುವುದಿಲ್ಲ. ಮನೆಯಲ್ಲಿ ಅತ್ತೆಗೆ ಎಪ್ಪತ್ತು ದಾಟಿದೆ. ಅವರು ಹತ್ತಲೆಂದು ಪೂಜಾ ಕೋಣೆಯ ಮಣೆಯೊಂದು ಗಾಡಿಯೊಳಗೆ ಸೇರಿತು. ಪ್ರತಿ ಸಲ ಇಳಿದು ಹಿಂದೆ ಹೋಗಿ ಮಣೆ ಹಾಕುವುದು, ಹತ್ತಿಸುವುದು, ಮಣೆ ಎತ್ತಿಡುವುದು. ಒಮ್ಮೆ ಸಕಲೇಶಪುರದ ಹೋಟೆಲಿನೆದುರು ಮಣೆ ಬಿಟ್ಟೇ ಹೊರಟೆವು. "ನಿನ್ನ ಗಾಡಿಗೆ ಮೆಟ್ಟಿಲು ಕಟ್ಟಿಸು, ಇಲ್ಲಾ ನನ್ನನ್ನ ಬಸ್ಸಿಗೆ ಹತ್ತಿಸು" ಎಂದರು ಅತ್ತೆ. ಯಾವ ಗ್ಯಾರೇಜಿನವರೂ ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ವಾಹನ ಮಾರ್ಪಡಿಸಕೂಡದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ವಿಧಿಸಬಹುದೆಂದಿತು. ನಾನು ಹಾಕಿಸಿದ್ದು ಅದಾದ ಎರಡು ವರ್ಷಕ್ಕೆ. ಗೊತ್ತಿದ್ದೇ ಹಾಕಿಸಿದೆ. ಹಿಡಿಯಲಿಲ್ಲವೆಂಬುದು ಸಮರ್ಥನೆಯಲ್ಲ. ಅಪಘಾತವಾಗಿದ್ದರೆ ಇನ್ಶೂರೆನ್ಸಿನವರು ಮೊದಲು ನೋಡುತ್ತಿದ್ದುದೇ ಆ ಎರಡು ಇಂಚನ್ನು. ಆಸ್ಟ್ರೇಲಿಯಾದಂಥ ಕಡೆ ಇಂತಿಷ್ಟು ಎತ್ತರದವರೆಗೆ ಸರಿ, ಅದರಾಚೆಗೆ ಎಂಜಿನಿಯರಿನ ಪ್ರಮಾಣಪತ್ರ ಬೇಕು ಎಂಬ ದಾರಿಯಿದೆ. ಅಂಥದೊಂದು ದಾರಿ ನಮ್ಮಲ್ಲೂ ಬರಲಿ ಎಂದು ಕೇಳುವುದು ನ್ಯಾಯವೇ. ಅದು ಬರುವವರೆಗೆ ನಿಯಮ ಇರುವ ಹಾಗೇ ಇದೆ.

ಎಲ್ಲಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ಹೋದ ವರ್ಷದ ಆಷಾಢದಲ್ಲಿ, ನಮ್ಮೂರ ಕಡೆಯ ತೋಟದ ದಾರಿಯೊಂದರಲ್ಲಿ. ಎರಡು ದಿನ ಬಿಡದ ಮಳೆ, ಕೆಂಪು ಕೆಸರು. ಲಿಫ್ಟೂ ಇತ್ತು, ಹಲ್ಲು ಹಲ್ಲಿನ ದೊಡ್ಡ ಟೈರೂ ಇತ್ತು, ಗಾಡಿ ನಾಲ್ಕೂ ಚಕ್ರ ಎಳೆಯುವ ನಿಧಾನ ಗೇರಿನಲ್ಲಿ, ಅಂದರೆ ಫೋರ್-ಲೋನಲ್ಲಿತ್ತು. ಆದರೂ ಏರಿನ ನಡುವೆ ನಾಲ್ಕು ಚಕ್ರವೂ ಸುಮ್ಮನೆ ತಿರುಗಿದವು. ಟೈರಿನ ಹಲ್ಲು ಕೆಸರು ಮೆತ್ತಿ ನುಣ್ಣಗಾಗಿತ್ತು. ಹಿಂದೆ ಕಾಫಿ ಗೊಬ್ಬರದ ಮೂಟೆ ಹೊತ್ತ ಹಳೆಯ ಮಹೀಂದ್ರಾ ಜೀಪು ಬಂದು ನಿಂತಿತು. ಡ್ರೈವರು ಇಳಿದು, ಚಕ್ರ ಒಮ್ಮೆ ಕಾಲಲ್ಲಿ ಒದ್ದು, "ಗಾಳಿ ಎಷ್ಟಿದೆ ಸಾರ್?" ಎಂದ. ಮೂವತ್ತೆರಡು ಎಂದೆ. "ಅಷ್ಟು ಗಾಳಿ ಯಾಕೆ, ಹಾರಿಸ್ತೀರಾ?" ಎಂದವನೇ ಒಂದು ಕಡ್ಡಿ ಮುರಿದು ವಾಲ್ವು ಒತ್ತಿ ಕೂತ. ನಾಲ್ಕೂ ಚಕ್ರ ಹದಿನೆಂಟಕ್ಕೆ ಇಳಿದವು. ಟೈರಿನ ಅಡಿ ಉದ್ದಕ್ಕೆ ಹರಡಿ ನೆಲ ಕಚ್ಚಿಕೊಂಡಿತು. ಗಾಡಿ ಎರಡನೇ ಯತ್ನಕ್ಕೆ ಏರು ಹತ್ತಿತು. ಹಿಂದೆಯೇ ಅವನ ಜೀಪು, ನನ್ನದರ ಅರ್ಧದಷ್ಟೇ ಅಗಲದ ಟೈರಿನಲ್ಲಿ, ಏನೂ ಆಗದವರ ಹಾಗೆ ಬಂತು. ಆ ಕಿರಿದಾದ ಟೈರು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ನನ್ನದು ಅಗಲವಾಗಿ ಮೇಲೆ ತೇಲುತ್ತಿತ್ತು.

ಮಡಿಕೇರಿಯಿಂದ ಮಾಂದಲ್‌ಪಟ್ಟಿಗೆ, ಕೊಲ್ಲೂರು ಕಡೆಯಿಂದ ಕೊಡಚಾದ್ರಿಗೆ ಜನರನ್ನು ಹೊತ್ತು ಹತ್ತುವ ಜೀಪುಗಳನ್ನು ನಿಂತು ನೋಡಿ. ಅವುಗಳಲ್ಲಿ ಎತ್ತರಿಸಿದವು ಎಷ್ಟಿವೆ? ಆ ದಾರಿ ಹತ್ತುವುದು ಚಕ್ರ ಎಲ್ಲಿಡಬೇಕೆಂದು ಬಲ್ಲ ಡ್ರೈವರಿನ ಕಣ್ಣು, ಲೋ ಗೇರಿನ ತಾಳ್ಮೆ.

ಡೈರಿ ತೆಗೆದು ಎಣಿಸಿದೆ. ನಾಲ್ಕು ವರ್ಷದಲ್ಲಿ ನಾನು ಫೋರ್-ಲೋ ಹಾಕಿದ ದಿನಗಳು 41. ಅವುಗಳಲ್ಲಿ ಲಿಫ್ಟ್ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ ಎನ್ನಬಹುದಾದ ದಿನ 3. ಉಳಿದ ಸಾವಿರದ ನಾನೂರು ದಿನ ನಾನು ಆ ಮೂರು ದಿನದ ಬಾಡಿಗೆ ಕಟ್ಟಿದೆ: ಡೀಸೆಲ್ಲಿನಲ್ಲಿ, ಬ್ರೇಕಿನಲ್ಲಿ, ಬೂಟಿನಲ್ಲಿ, ಅತ್ತೆಯ ಮಂಡಿಯಲ್ಲಿ.

ಹಾಗಾದರೆ ತೀರ್ಪು? ವಾರಾಂತ್ಯಕ್ಕೆಂದೇ ಬೇರೊಂದು ಗಾಡಿಯಿದ್ದು, ಅದು ಖಾಸಗಿ ಜಾಗದಲ್ಲಿ ಓಡುವುದಾದರೆ ಲಿಫ್ಟಿನ ಮಾತು ಬೇರೆ. ದಿನವೂ ಅದೇ ಗಾಡಿಯಲ್ಲಿ ಆಫೀಸು, ಶಾಲೆ, ಆಸ್ಪತ್ರೆ ಎಂದಾದರೆ ಬೇಡ. ಕಂಪನಿ ಅಳತೆಯಲ್ಲೇ ಒಳ್ಳೆಯ ಆಲ್-ಟೆರೇನ್ ಟೈರು ಹಾಕಿಸಿ. ನನ್ನ ಗಾಡಿಯಲ್ಲಿ ಈಗಿರುವುದು ಅವೇ. ಗಾಳಿ ಗೇಜು ಒಂದು, ಮತ್ತೆ ತುಂಬಿಕೊಳ್ಳಲು ಪುಟ್ಟ ಕಂಪ್ರೆಸರ್ ಒಂದು, ಎಳೆಯಲು ಒಂದು ಗಟ್ಟಿ ಹಗ್ಗ ಇಟ್ಟುಕೊಳ್ಳಿ. ಈ ಮೂರಕ್ಕೂ ಸೇರಿ ಲಿಫ್ಟಿನ ಖರ್ಚಿನ ಒಂದು ಸಣ್ಣ ಪಾಲಷ್ಟೇ ಆಗುತ್ತದೆ. ಇವನ್ನಿಟ್ಟುಕೊಂಡು ಒಂದು ಮಳೆಗಾಲ ಪೂರ್ತಿ ಓಡಿಸಿ, ಎಲ್ಲೆಲ್ಲಿ ಸಿಕ್ಕಿಬಿದ್ದಿರಿ, ಯಾಕೆ ಬಿದ್ದಿರಿ ಎಂದು ಬರೆದಿಡಿ. ಮುಂದಿನ ಆಯುಧಪೂಜೆಗೆ ಆ ಪಟ್ಟಿ ಓದಿ. ಅದರಲ್ಲಿ ಎತ್ತರ ಸಾಲದೆ ಸಿಕ್ಕಿಬಿದ್ದ ದಿನಗಳು ಎಷ್ಟಿವೆಯೋ ಎಣಿಸಿ, ಆಮೇಲೆ ಗ್ಯಾರೇಜಿಗೆ ಫೋನು ಮಾಡಿ.