ಸೆಮಿಫೈನಲ್ ಕಲಬುರಗಿಯಲ್ಲೂ ನಡೆಯಲಿ

ಟಿ.ವಿ. ರಸಪ್ರಶ್ನೆ ಸ್ಪರ್ಧೆ ಶುರುವಾದರೆ ಜನ ಕಾಯುವುದು ಫೈನಲ್‌ಗೆ. ಆದರೆ ಆ ಸ್ಪರ್ಧೆ ಎಂಥದ್ದೆಂದು ತಿಳಿಯಬೇಕಾದರೆ ಸೆಮಿಫೈನಲ್ ನೋಡಬೇಕು. ಮೊದಲ ಸುತ್ತುಗಳಲ್ಲಿ ಅದೃಷ್ಟದ ಪಾಲು ದೊಡ್ಡದು. ಫೈನಲ್‌ನಲ್ಲಿ ಸಂಗೀತ, ಗಣ್ಯರ ಮಾತು, ಬಹುಮಾನ ವಿತರಣೆಯೇ ಅರ್ಧ ಹೊತ್ತು ನುಂಗುತ್ತವೆ. ಸೆಮಿಫೈನಲ್‌ವರೆಗೆ ಬಂದ ಮಕ್ಕಳಲ್ಲಿ ಓದದವರು ಯಾರೂ ಇರುವುದಿಲ್ಲ. ತಿಳಿವಳಿಕೆಯಲ್ಲಿ ಒಬ್ಬರಿಗೊಬ್ಬರು ಕೂದಲೆಳೆಯಷ್ಟೇ ಹಿಂದೆ ಮುಂದೆ. ಅಲ್ಲಿ ಸೋಲು ಗೆಲುವನ್ನು ತೀರ್ಮಾನಿಸುವುದು ರೂಢಿ. ಆ ರೂಢಿ ಯಾವ ಊರಿನ ಮಕ್ಕಳಿಗೆ ಸಿಕ್ಕಿದೆ, ಯಾರಿಗೆ ಸಿಕ್ಕಿಲ್ಲ ಎಂಬುದು ತಂಡಗಳ ಮುಂದಿಟ್ಟ ಹೆಸರಿನ ಫಲಕಗಳನ್ನು ಓದಿದರೇ ಗೊತ್ತಾಗುತ್ತದೆ. ಯಾದಗಿರಿ ಜಿಲ್ಲೆಯ ಹುಣಸಗಿಯಂಥ ತಾಲ್ಲೂಕಿನ ಕಡೆಯಿಂದ ನೋಡುವವರ ಪರವಾಗಿ ನನ್ನ ವಾದ ಇಷ್ಟು: ಕನ್ನಡದಲ್ಲಿ ರಾಜ್ಯಮಟ್ಟದ ಶಾಲಾ ರಸಪ್ರಶ್ನೆ ನಡೆದರೆ ಅದರ ಸೆಮಿಫೈನಲ್‌ಗಳು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ಕಂದಾಯ ವಿಭಾಗಗಳಲ್ಲಿ ಒಂದೊಂದರಂತೆ ನಡೆಯಬೇಕು. ಟಿ.ವಿ. ಅಲ್ಲಿಗೇ ಹೋಗಿ ತೋರಿಸಬೇಕು. ಗೆದ್ದ ನಾಲ್ಕು ತಂಡಗಳು ಫೈನಲ್‌ನಲ್ಲಿ ಕೂರಬೇಕು.

ರೂಢಿ ಎಂದರೇನು ಎಂಬುದು ಬಜರ್ ಸುತ್ತಿನಲ್ಲಿ ಕಣ್ಣಿಗೆ ಕಟ್ಟುತ್ತದೆ. ಪಳಗಿದ ತಂಡ ಪ್ರಶ್ನೆ ಮುಗಿಯುವವರೆಗೆ ಕಾಯುವುದಿಲ್ಲ. ‘ಹತ್ತೊಂಬತ್ತನೇ ಶತಮಾನದಲ್ಲಿ ಸುರಪುರದಲ್ಲಿದ್ದು ಆಡಳಿತ ನೋಡಿಕೊಂಡ, ಕಾದಂಬರಿಕಾರನಾಗಿಯೂ ಹೆಸರು ಮಾಡಿದ’ ಎನ್ನುವಷ್ಟರಲ್ಲಿ ಬೆರಳು ಗುಂಡಿಯ ಮೇಲೆ ಬಿದ್ದಿರುತ್ತದೆ, ದೀಪ ಹತ್ತಿರುತ್ತದೆ, ಮೆಡೋಸ್ ಟೇಲರ್ ಎಂಬ ಉತ್ತರವೂ ಬಂದಿರುತ್ತದೆ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅನ್ನು ಕಣ್ಣಾರೆ ಕಂಡ ಹುಣಸಗಿಯ ಹುಡುಗಿಗೆ ಉತ್ತರ ಗೊತ್ತಿಲ್ಲ ಎಂದಲ್ಲ. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಮನೆಯಲ್ಲೂ ಶಾಲೆಯಲ್ಲೂ ಕಲಿತವಳು ಪ್ರಶ್ನೆ ಮುಗಿಯಲಿ ಎಂದು ಕಾಯುತ್ತಾಳೆ. ಹೀಗೆ ತನ್ನ ನೆಲದ ಪ್ರಶ್ನೆಯಲ್ಲೇ ಅಂಕ ಬಿಟ್ಟುಕೊಡುತ್ತಾಳೆ. ತಪ್ಪಾದರೆ ಅಂಕ ಕಳೆಯುತ್ತಾರೆಂಬ ಅಂಜಿಕೆ, ಮೊದಲ ಸಲ ಕಾಣುವ ಕ್ಯಾಮೆರಾ, ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂತು ಬಂದ ದಣಿವು ಅದಕ್ಕೆ ಸೇರಿಕೊಳ್ಳುತ್ತವೆ. ಅಂಕಪಟ್ಟಿಯಲ್ಲಿ ಇವು ಯಾವುವೂ ಕಾಣುವುದಿಲ್ಲ. ನೋಡುವವರು ಮಾತ್ರ ‘ಆ ಕಡೆಯವರಿಗೆ ಅಷ್ಟು ತಿಳಿಯಲಿಲ್ಲ’ ಎಂದು ಟಿ.ವಿ. ಆರಿಸುತ್ತಾರೆ.

ಈ ಪಳಗುವಿಕೆ ಬೆಂಗಳೂರಿನಲ್ಲಿ ತಾನಾಗಿಯೇ ಹುಟ್ಟಿದ್ದಲ್ಲ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಅಲ್ಲಿ 1983ರಲ್ಲೇ ಆರಂಭವಾಯಿತು. ನಾಲ್ಕು ದಶಕಗಳಿಂದ ಶಾಲಾ ಕಾಲೇಜು ಮಕ್ಕಳಿಗೆ ಕೂತು ಆಡಲು ಒಂದು ಜಾಗವಿದೆ. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ ‘ಕ್ವಿಜ್ ಟೈಮ್’ ಬಂದಾಗ ಈ ಆಟ ದೇಶಕ್ಕೆಲ್ಲ ಪರಿಚಯವಾಯಿತು, ಆದರೆ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಆ ಭಾಗ್ಯ ತಂದದ್ದು 2002ರ ಜನವರಿಯಲ್ಲಿ ಚಂದನ ವಾಹಿನಿಯಲ್ಲಿ ಶುರುವಾದ ‘ಥಟ್ ಅಂತ ಹೇಳಿ’. ಡಾ. ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಟ್ಟು, ಅಚ್ಚ ಕನ್ನಡದಲ್ಲಿ ಸಾವಿರಾರು ಸಂಚಿಕೆ ನಡೆಸಿದರು. ಕನ್ನಡ ನಾಡಿನ ಮನೆಮನೆಯಲ್ಲಿ ಊಟದ ಹೊತ್ತಿಗೆ ಅಪ್ಪ ಮಗಳು ಸೇರಿ ಉತ್ತರ ಹೇಳುವಂತೆ ಮಾಡಿದ ಆ ಕೆಲಸಕ್ಕೆ ಎಷ್ಟು ಮೆಚ್ಚುಗೆ ಸಂದರೂ ಸಾಲದು. 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ ಇನ್ನೂ ದೊಡ್ಡ ಜನಸಮೂಹವನ್ನು ತಲುಪಿತು. ಆದರೆ ಇಂಥ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಆಯಾ ಆಟ ಅಲ್ಲಿಗೇ ಮುಗಿಯುತ್ತದೆ. ತಾಲ್ಲೂಕಿನಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬರುವ ದಾರಿ ಇರುವುದಿಲ್ಲ. ‘ಥಟ್ ಅಂತ ಹೇಳಿ’ ಶುರುವಾದ 2002ರಲ್ಲೇ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಿತು. ಹುಣಸಗಿ ಆಗ ಸೇರಿದ್ದ ಸುರಪುರ ತಾಲ್ಲೂಕು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿತ್ತು. ರಸ್ತೆ, ಆಸ್ಪತ್ರೆ, ಶಾಲಾ ಕೊಠಡಿಯ ಕೊರತೆಯನ್ನು ಲೆಕ್ಕ ಹಾಕುತ್ತೇವೆ. ವೇದಿಕೆಯ ಕೊರತೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎರಡನೆಯ ಮಾತು ಪ್ರಶ್ನೆಗಳದ್ದು. ಪ್ರಶ್ನೆ ಬರೆಯುವವರು ತಾವು ಓದಿದ್ದರಿಂದ, ಕಂಡದ್ದರಿಂದ ಬರೆಯುತ್ತಾರೆ, ಅದು ಸಹಜ. ಎಲ್ಲರೂ ಒಂದೇ ನಗರದವರಾದರೆ ಪ್ರಶ್ನೆಗಳೂ ಅಲ್ಲೇ ಸುತ್ತುತ್ತವೆ. ಮೈಸೂರು ಅರಸರ ಬಗ್ಗೆ ಕೇಳಿದ್ದು ಸಾಮಾನ್ಯ ಜ್ಞಾನ, ಸುರಪುರದ ನಾಯಕರ ಬಗ್ಗೆ ಕೇಳಿದರೆ ಸ್ಥಳೀಯ ವಿಷಯ ಎನಿಸುತ್ತದೆ. ಹುಣಸಗಿ–ಬೈಚಬಾಳ ಕಣಿವೆಯನ್ನೇ ತೆಗೆದುಕೊಳ್ಳಿ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿದ್ವಾಂಸ ಕೆ. ಪದ್ದಯ್ಯ ದಶಕಗಳ ಕಾಲ ಇಲ್ಲಿನ ಹೊಲ ಹಳ್ಳ ತಿರುಗಿ ಆದಿಮಾನವನ ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ 1990ರ ದಶಕದ ಕೊನೆಗೆ ಉತ್ಖನನ ನಡೆದಾಗ, ಸುಣ್ಣದಕಲ್ಲಿನ ಚಪ್ಪಡಿಗಳನ್ನು ಅಲ್ಲೇ ಒಡೆದು ಕೈಕೊಡಲಿ ಮಾಡುತ್ತಿದ್ದ ತಾಣ ಸಿಕ್ಕಿತು. ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜಾಯಿತು. ಭಾರತದಲ್ಲಿ ಮನುಷ್ಯ ಪೂರ್ವಿಕರ ಅತಿ ಹಳೆಯ ಕುರುಹುಗಳ ಮಾತು ಬಂದಾಗಲೆಲ್ಲ ಜಗತ್ತಿನ ವಿದ್ವಾಂಸರು ಹುಣಸಗಿಯ ಹೆಸರು ಎತ್ತುತ್ತಾರೆ. ರಾಜನಕೋಳೂರಿನ ಬೃಹತ್ ಶಿಲಾ ಸಮಾಧಿಗಳ ಬಗ್ಗೆ ಟೇಲರ್ ಬರೆದು ಒಂದೂವರೆ ಶತಮಾನ ದಾಟಿತು. ಕೊಡೇಕಲ್ ಬಸವಣ್ಣನ ಕಾಲಜ್ಞಾನ, ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರ ಎಲ್ಲವೂ ಈ ಆಸುಪಾಸಿನವೇ. ಇವು ಕನ್ನಡಿಗರೆಲ್ಲರ ಸಾಮಾನ್ಯ ಜ್ಞಾನ ಆಗಬೇಕಾದ ಸಂಗತಿಗಳು. ಸೆಮಿಫೈನಲ್ ಕಲಬುರಗಿಯಲ್ಲಿ ನಡೆದು, ಪ್ರಶ್ನೆ ಬರೆಯುವ ಸಮಿತಿಯಲ್ಲಿ ಈ ಭಾಗದ ಶಿಕ್ಷಕರೂ ಕೂತರೆ, ಇಸಾಂಪುರದ ಹೆಸರನ್ನು ಮಂಡ್ಯದ ಹುಡುಗನೂ ಓದಿಕೊಂಡು ಬರುತ್ತಾನೆ.

ಇದಕ್ಕೆ ಮೊದಲ ಆಕ್ಷೇಪ ನನಗೆ ಗೊತ್ತು: ಪ್ರತಿಭೆಗೆ ಪ್ರದೇಶದ ಲೆಕ್ಕವೇಕೆ, ಬಲಿಷ್ಠ ನಾಲ್ಕು ತಂಡ ಬೆಂಗಳೂರಿನವೇ ಆಗಿದ್ದರೆ ಅವೇ ಫೈನಲ್ ಆಡಲಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಜಗತ್ತಿನ ಅತಿ ದೊಡ್ಡ ಸ್ಪರ್ಧೆಯಾದ ಫುಟ್‌ಬಾಲ್ ವಿಶ್ವಕಪ್ ಈ ಪ್ರಶ್ನೆಯನ್ನು ಎಂದೋ ಎದುರಿಸಿದೆ. ಆಫ್ರಿಕಾಕ್ಕೆ ಒಂದೂ ನೇರ ಸ್ಥಾನವಿಲ್ಲ ಎಂಬ ಕಾರಣಕ್ಕೆ 1966ರ ವಿಶ್ವಕಪ್ ಅನ್ನು ಆಫ್ರಿಕಾದ ದೇಶಗಳು ಬಹಿಷ್ಕರಿಸಿದವು. 1970ಕ್ಕೆ ಒಂದು ಸ್ಥಾನ ಖಾತ್ರಿಯಾಯಿತು, ಅದನ್ನು ಗೆದ್ದು ಹೋದದ್ದು ಮೊರಾಕ್ಕೊ. ಅದೇ ಮೊರಾಕ್ಕೊ 2022ರಲ್ಲಿ ಸ್ಪೇನ್, ಪೋರ್ಚುಗಲ್ ತಂಡಗಳನ್ನು ಮಣಿಸಿ ಸೆಮಿಫೈನಲ್ ತಲುಪಿತು. ಆ ಹಂತಕ್ಕೆ ಬಂದ ಆಫ್ರಿಕಾದ ಮೊದಲ ದೇಶ ಅದು. ಸ್ಥಾನ ಕೊಟ್ಟ ಮಾತ್ರಕ್ಕೆ ಯಾರೂ ಗೋಲಿನ ಅಳತೆ ದೊಡ್ಡದು ಮಾಡಿಕೊಡಲಿಲ್ಲ. ಇಲ್ಲಿಯೂ ಅಷ್ಟೇ. ಪ್ರಶ್ನೆ ಸುಲಭವಾಗಬೇಕಿಲ್ಲ, ಅಂಕದಲ್ಲಿ ರಿಯಾಯಿತಿ ಬೇಡ. ಆಡಿ ಪಳಗಲು ಅವಕಾಶ ಬೇಕು. ಒಂದೇ ಆಟದ ಸೋಲು ಯೋಗ್ಯತೆಯನ್ನು ಪೂರ್ತಿ ಅಳೆಯುವುದಿಲ್ಲ ಎಂಬುದನ್ನು ಬ್ರಿಟನ್ನಿನ ‘ಯೂನಿವರ್ಸಿಟಿ ಚಾಲೆಂಜ್’ ಕೂಡ ಒಪ್ಪಿಕೊಂಡಿದೆ. ಅಲ್ಲೀಗ ಸೆಮಿಫೈನಲ್‌ಗೆ ಹೋಗಲು ಕ್ವಾರ್ಟರ್‌ಫೈನಲ್ ಹಂತದಲ್ಲಿ ಎರಡು ಆಟ ಗೆಲ್ಲಬೇಕು, ಹೊರಬೀಳಬೇಕಾದರೂ ಎರಡು ಸೋಲಬೇಕು. ವಿಭಾಗ ಮಟ್ಟದಲ್ಲಿ ನಾವೂ ಹಾಗೇ ಮಾಡಬಹುದು. ಮೊದಲ ಆಟದಲ್ಲಿ ಬಜರ್‌ಗೆ ಹೆದರಿದ ಮಗು ಎರಡನೆಯದರಲ್ಲಿ ಹೆದರುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ನೋಯಿಸುವಂಥದ್ದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿಯ ಫಲಿತಾಂಶ ಶೇ 94, ಯಾದಗಿರಿಯದು ಶೇ 50.59, ರಾಜ್ಯಕ್ಕೇ ಕೊನೆ. ಅರ್ಧದಷ್ಟು ಮಕ್ಕಳು ಪಾಸಾಗದ ಕಡೆ ರಸಪ್ರಶ್ನೆಯ ಮಾತೇಕೆ ಎನ್ನುವವರಿದ್ದಾರೆ. ಶಿಕ್ಷಕರ ಖಾಲಿ ಹುದ್ದೆ ತುಂಬುವುದು, ಸುಗ್ಗಿಗೆ ಗುಳೆ ಹೋಗುವ ಮಕ್ಕಳನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದು ಮೊದಲ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಿಲ್ಲೆಯ ಶೇಕಡಾವಾರು ಒಂದು ಸರಾಸರಿ. ಅದರ ಹಿಂದೆ ಚೆನ್ನಾಗಿ ಓದುವ ಸಾವಿರಾರು ಮಕ್ಕಳು ಮರೆಯಾಗಿದ್ದಾರೆ, ‘ಕೊನೆಯ ಜಿಲ್ಲೆ’ ಎಂಬ ಹಣೆಪಟ್ಟಿಯನ್ನು ಅವರೂ ಹೊರುತ್ತಿದ್ದಾರೆ. ಪಠ್ಯದಾಚೆಗೆ ಓದಲು ಅವರಿಗೆ ಒಂದು ಕಾರಣ ಬೇಕು. ಕಾರಣ ಕೊಟ್ಟರೆ ಬರುತ್ತಾರೆ ಎಂಬುದಕ್ಕೆ ರಾಜ್ಯ ಸರ್ಕಾರ ಮತ್ತು ಟಿಸಿಎಸ್ 2000ದಲ್ಲಿ ಶುರು ಮಾಡಿದ ಗ್ರಾಮೀಣ ಐಟಿ ರಸಪ್ರಶ್ನೆಯೇ ಸಾಕ್ಷಿ. ದೊಡ್ಡ ನಗರಗಳನ್ನು ಹೊರಗಿಟ್ಟು, 8ರಿಂದ 12ನೇ ತರಗತಿಯವರಿಗೆಂದೇ ಅದನ್ನು ರೂಪಿಸಿದರು, ಪ್ರಾದೇಶಿಕ ಸುತ್ತುಗಳನ್ನು ನಡೆಸಿದರು. ಎರಡು ದಶಕ ದಾಟಿದರೂ ಅದು ನಿಂತಿಲ್ಲ.

ಖರ್ಚಿನ ಮಾತಿಗೆ ಉತ್ತರ ಇನ್ನೂ ಸರಳ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಮೇಲೇರುವ ಏಣಿಯನ್ನು ಈಗಾಗಲೇ ಕಟ್ಟಿದೆ, ರಸಪ್ರಶ್ನೆಯೂ ಅದರಲ್ಲಿ ಇದ್ದದ್ದೇ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ಇದೇ ಇಲಾಖೆ ಮತ್ತು ಚಂದನ ಸೇರಿ ‘ಸಂವೇದ’ ಪಾಠಗಳನ್ನು ಮನೆಮನೆಗೆ ತಲುಪಿಸಿದವು. ಇಬ್ಬರೂ ಒಟ್ಟಿಗೆ ಕೆಲಸ ಮಾಡಬಲ್ಲರೆಂದು ಅಲ್ಲೇ ಗೊತ್ತಾಗಿದೆ. ಜಿಲ್ಲೆಯಲ್ಲಿ ಗೆದ್ದ ತಂಡಗಳನ್ನು ವಿಭಾಗದ ಕೇಂದ್ರದಲ್ಲಿ ಸೇರಿಸಿ, ಎರಡು ದಿನ ಕ್ಯಾಮೆರಾ ಕಳಿಸಿದರೆ ನಾಲ್ಕು ಸೆಮಿಫೈನಲ್‌ಗಳೂ ಸಿದ್ಧ. ಈಗ ಟಿ.ವಿ. ಯಾರು ನೋಡುತ್ತಾರೆ ಎಂದರೆ, ಅದೇ ಚಿತ್ರಣವನ್ನು ಫೋನಿನಲ್ಲೂ ಬಿಡಬಹುದು. ತಮ್ಮೂರಿನ ಶಾಲೆಯ ಹೆಸರು ಪರದೆಯ ಮೇಲೆ ಬಂದರೆ ಹುಣಸಗಿ, ಕೆಂಭಾವಿ, ಕಕ್ಕೇರಾದ ಜನ ಹುಡುಕಿಯಾದರೂ ನೋಡುತ್ತಾರೆ. ಇದಕ್ಕೆ ಹೊಸ ಇಲಾಖೆಯೂ ಬೇಡ, ಹೊಸ ಕಾಯ್ದೆಯೂ ಬೇಡ. ಮುಂದಿನ ಪ್ರತಿಭಾ ಕಾರಂಜಿಯ ಸುತ್ತೋಲೆ ಹೊರಡುವ ಮುನ್ನ ಇಲಾಖೆಯ ಆಯುಕ್ತರೂ ಚಂದನದ ಮುಖ್ಯಸ್ಥರೂ ಒಮ್ಮೆ ಕೂತು ಮಾತಾಡಬೇಕು.