ಮಾನಿಟರ್ ಸತ್ತಿತೆ? ಮೊದಲು ದೀಪ ನೋಡಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಸಿಂಧಘಟ್ಟದ ನಮ್ಮ ಮನೆಗೆ ನೆರೆಯ ರೈತರೊಬ್ಬರು ಬಂದರು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಕಂಪ್ಯೂಟರ್ ಮಾನಿಟರು. ಹಿಂದೆ ಪಿಯುಸಿ ಓದುವ ಮಗಳು. "ಮೇಷ್ಟ್ರೇ, ಇದು ಸತ್ತೋಯ್ತು. ಅಂಗಡೀಲಿ ಹೊಸದು ತಗೊಳ್ಳಿ ಅಂದ್ರು. ಗುಜರಿಗೆ ಹಾಕ್ಬುಡ್ಲಾ?" ಎಂದರು. ಕಬ್ಬಿನ ಹಣ ಕೈಸೇರಲು ಇನ್ನೂ ದಿನಗಳಿದ್ದವು. ಮಗಳು ತನ್ನ ಪ್ರಾಜೆಕ್ಟ್ ಒಪ್ಪಿಸಲು ಒಂದೇ ವಾರ ಉಳಿದಿತ್ತು.

"ಪರದೆ ಕಪ್ಪಾದಾಗ ಮುಂದಿನ ಪುಟ್ಟ ದೀಪ ಹೇಗಿತ್ತಮ್ಮ?" ಎಂದು ಮಗಳನ್ನು ಕೇಳಿದೆ. "ನೋಡ್ಲಿಲ್ಲ ಸಾರ್" ಎಂದಳು. ಅಂಗಡಿಯಲ್ಲೂ ಅದನ್ನು ಯಾರೂ ಕೇಳಿರಲಿಲ್ಲವಂತೆ. ಮಾನಿಟರನ್ನು ಹಾಗೆಯೇ ಅವರ ಮನೆಗೆ ವಾಪಸು ಒಯ್ದು, ಇದ್ದ ಜಾಗದಲ್ಲೇ ಇಟ್ಟು ಪರೀಕ್ಷೆ ಶುರು ಮಾಡಿದೆವು. ಕೆಲಸವೆಲ್ಲ ಅವಳದು, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಪ್ರತಿ ಸಲವೂ ಕಂಡದ್ದನ್ನು ಬರೆದುಕೊಳ್ಳಬೇಕು. ಪ್ರಯೋಗಶಾಲೆಯಲ್ಲಿ ನಾವು ಪಾಲಿಸುವುದೂ ಇದನ್ನೇ.

ದೀಪ ಹೇಳುವ ಸಂಗತಿ

ದೀಪ ಹತ್ತುವುದೇ ಇಲ್ಲವೆಂದರೆ ಮಾನಿಟರಿಗೆ ವಿದ್ಯುತ್ತೇ ತಲುಪುತ್ತಿಲ್ಲದಿರಬಹುದು. ಅದೇ ಪ್ಲಗ್ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಅನೇಕ ಮಾನಿಟರುಗಳಿಗೂ ಸಿಪಿಯು ಪೆಟ್ಟಿಗೆಗೂ ಒಂದೇ ಬಗೆಯ ವಿದ್ಯುತ್ ತಂತಿ ಇರುತ್ತದೆ. ಸ್ವಿಚ್ಚು ಆರಿಸಿ ಅದನ್ನು ಅದಲು ಬದಲು ಮಾಡಿ. ದೀಪ ಹತ್ತಿದರೆ ತಪ್ಪು ತಂತಿಯದು.

ದೀಪ ಹತ್ತಿದೆ, ಅಥವಾ ಕಿತ್ತಳೆ ಬಣ್ಣದಲ್ಲಿದೆ, ಆದರೆ ಚಿತ್ರವಿಲ್ಲ ಎನ್ನಿ. ಆಗ ಕಂಪ್ಯೂಟರಿನಿಂದ ಬರುವ ಚಿತ್ರದ ತಂತಿಯನ್ನು ಮಾನಿಟರಿನಿಂದ ಕಳಚಿ, ಮಾನಿಟರನ್ನು ಆರಿಸಿ ಮತ್ತೆ ಹಾಕಿ. ಪರದೆಯ ಮೇಲೆ 'ನೋ ಸಿಗ್ನಲ್' ಎಂದೋ, ತಂತಿ ಪರೀಕ್ಷಿಸಿ ಎಂದೋ ಬರಹ ಮೂಡಿದರೆ ಸಂತೋಷಪಡಿ. ಮಾನಿಟರ್ ಬದುಕಿದೆ; ಕಾಯಿಲೆ ತಂತಿಯಲ್ಲೋ ಸಿಪಿಯು ಪೆಟ್ಟಿಗೆಯಲ್ಲೋ ಇದೆ. ಎಚ್‌ಡಿಎಂಐ, ವಿಜಿಎ ಎರಡೂ ಇರುವ ಮಾನಿಟರಿನಲ್ಲಿ ತಪ್ಪು ದಾರಿ ಆಯ್ಕೆಯಾಗಿದ್ದರೂ ಹೀಗಾಗುತ್ತದೆ.

ಬರಹವೂ ಇಲ್ಲ, ದೀಪ ಮಾತ್ರ ಸರಿಯಾಗಿದೆ ಎಂದಾದರೆ ಚಿತ್ರದ ತಂತಿಯನ್ನು ಮತ್ತೆ ಜೋಡಿಸಿ, ಕೋಣೆ ಕತ್ತಲು ಮಾಡಿ, ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಚಿತ್ರ ಮಸುಕಾಗಿ ಕಂಡರೆ ಪರದೆ ಕೆಲಸ ಮಾಡುತ್ತಿದೆ, ಅದರ ಹಿಂದಿನ ಬೆಳಕು ಕೆಟ್ಟಿದೆ ಎಂದರ್ಥ. ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಅದು ಬೆಳಕನ್ನು ಬೇಕಾದಲ್ಲಿ ಬಿಡುವ, ಬೇಡವಾದಲ್ಲಿ ತಡೆಯುವ ಕಿಟಕಿಯಿದ್ದಂತೆ.

ಹುಡುಗಿಯ ಮಾನಿಟರಿನಲ್ಲಿ ದೀಪ ಒಂದು ಕ್ಷಣ ಹತ್ತಿ ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು. ತಂತಿ ಬದಲಿಸಿದರೂ ಅದೇ ಕಥೆ. ಆಗ ಅವಳಿಗೆ ನೆನಪಾಯಿತು: "ಹದಿನೈದು ದಿನದಿಂದ ಬೆಳಿಗ್ಗೆ ಹೊತ್ತು ಹತ್ತಿಕೊಳ್ಳೋಕೆ ತಡ ಮಾಡ್ತಿತ್ತು ಸಾರ್." ಬೀಗಕ್ಕೆ ಕೀಲಿ ಸಿಕ್ಕಂತಾಯಿತು.

ಉಬ್ಬಿದ ಕೆಪಾಸಿಟರು

ಮಾನಿಟರಿನ ಒಳಗೊಂದು ವಿದ್ಯುತ್ ಪೂರೈಕೆಯ ಹಲಗೆ ಇರುತ್ತದೆ. ಅದು ಗೋಡೆಯಿಂದ ಬರುವ 230 ವೋಲ್ಟ್ ಪರ್ಯಾಯ ವಿದ್ಯುತ್ತನ್ನು 5, 12 ವೋಲ್ಟಿನಂಥ ನೇರ ವಿದ್ಯುತ್ತಾಗಿಸುತ್ತದೆ. ಈ ವಿದ್ಯುತ್ತಿನ ಏರಿಳಿತವನ್ನು ಸಮ ಮಾಡುವುದು ಸಿಲಿಂಡರಿನಾಕಾರದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಕೆಲಸ. ಕೆರೆ ತೂಬಿನಿಂದ ನೀರು ಒಂದೇ ಸಮ ಹರಿಯುವಂತೆ ಎಂದುಕೊಳ್ಳಿ. ಇವುಗಳ ಒಳಗೆ ದ್ರಾವಣವಿರುತ್ತದೆ. ಶಾಖಕ್ಕೆ ಅದು ಮೆಲ್ಲನೆ ಒಣಗುತ್ತದೆ. ಅನಿಲ ತುಂಬಿ ಚಪ್ಪಟೆ ತಲೆ ಉಬ್ಬುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಮಾನಿಟರಿನ ಗಾಳಿಕಂಡಿಗಳ ಮೇಲೆ ಹೂವಿನ ಬಟ್ಟೆ ಹೊದಿಸುವ ತಾಯಂದಿರು ಇದನ್ನು ಗಮನಿಸಬೇಕು.

ಇಲ್ಲಿಗೆ ನಿಲ್ಲಿಸಿ

ಇಲ್ಲಿಯವರೆಗಿನ ಪರೀಕ್ಷೆಗಳನ್ನು ವಿದ್ಯಾರ್ಥಿಗಳು ಮಾಡಬಹುದು. ಸುಟ್ಟ ವಾಸನೆ, ಹೊಗೆ ಬಂದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಸ್ವಿಚ್ಚು ಆರಿಸಿ ಪ್ಲಗ್ ಕೀಳಿ. ಹಿಂಬದಿಯ ಮುಚ್ಚಳವನ್ನಂತೂ ಬಿಚ್ಚಕೂಡದು.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮನೆಯ ಕಪ್ಪು-ಬಿಳುಪು ಟಿವಿ ನಿಂತಿತು. ಬಿಎಸ್ಸಿ ಓದಿದವನೆಂಬ ಜಂಬ. ಪ್ಲಗ್ ಕಿತ್ತಾಗಿದೆ, ಇನ್ನೇನು ಭಯ ಎಂದು ಮುಚ್ಚಳ ತೆಗೆದು ಕೈ ಹಾಕಿದೆ. ಹೊಡೆದ ಹೊಡೆತಕ್ಕೆ ಕೈ ಹಿಂದಕ್ಕೆ ಎಗರಿ ಚಿತ್ರನಳಿಗೆಯ ಕೊರಳಿಗೆ ಬಡಿದು ಅದು ಮುರಿಯಿತು. ಆಮೇಲೆ ನೋಡಿದರೆ ಪ್ಲಗ್ಗಿನೊಳಗೆ ತಂತಿ ಸಡಿಲಾಗಿತ್ತು, ಅಷ್ಟೇ. ಟಿವಿ ತಾನಾಗಿ ಸತ್ತಿರಲಿಲ್ಲ; ಕೊಂದವನು ನಾನು.

ಪಿಯುಸಿ ಮಕ್ಕಳು ಲೆಕ್ಕ ಹಾಕಿ ನೋಡಿ. 230 ವೋಲ್ಟಿನ ಶೃಂಗಮೌಲ್ಯ ಸುಮಾರು 325 ವೋಲ್ಟ್. 100 ಮೈಕ್ರೋಫ್ಯಾರಡಿನ ಕೆಪಾಸಿಟರ್ ಅಷ್ಟಕ್ಕೆ ತುಂಬಿದರೆ ಅದರಲ್ಲಿ 5 ಜೌಲಿಗೂ ತುಸು ಹೆಚ್ಚು ಶಕ್ತಿ ಇರುತ್ತದೆ. ಒಂದು ಕಿಲೋ ಬೆಲ್ಲ ಅರ್ಧ ಮೀಟರ್ ಎತ್ತರದಿಂದ ಬಿದ್ದಷ್ಟು! ಕಣ್ಣಿಗೆ ಅಲ್ಪವೆನಿಸುವ ಈ ಶಕ್ತಿ ಕ್ಷಣಮಾತ್ರದಲ್ಲಿ ಎದೆಯ ಮೂಲಕ ಹರಿದರೆ ಅಪಾಯ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಹಳೆಯ ಬಣ್ಣದ ಚಿತ್ರನಳಿಗೆಯ ಮಾನಿಟರುಗಳಲ್ಲಿ 20 ಸಾವಿರ ವೋಲ್ಟಿಗೂ ಮೇಲಿರುತ್ತಿತ್ತು.

ಆದ್ದರಿಂದ ಹುಡುಗಿ ಬರೆದ ಚೀಟಿಯೊಡನೆ ಮಾನಿಟರನ್ನು ಟಿವಿ ರಿಪೇರಿ ಮಾಡುವ ನನ್ನ ಹಳೆಯ ಶಿಷ್ಯನ ಬಳಿ ಒಯ್ದೆವು. ಆತ ಚೀಟಿ ಓದಿ, ಮುಚ್ಚಳ ತೆಗೆದು, ಕೆಪಾಸಿಟರುಗಳನ್ನು ಬರಿದು ಮಾಡಿ ತೋರಿಸಿದ. ಎರಡರ ತಲೆ ಉಬ್ಬಿತ್ತು. ಅಷ್ಟೇ ಮೈಕ್ರೋಫ್ಯಾರಡಿನ, ವೋಲ್ಟ್ ಕಡಿಮೆಯಿಲ್ಲದ, 105 ಡಿಗ್ರಿ ತಾಳುವ ಹೊಸವನ್ನು ಧನ ಋಣ ನೋಡಿ ಬೆಸೆದ. ಪರದೆ ಬೆಳಗಿತು. ಸಾಮಾನಿಗೆ ಆದ ಖರ್ಚು ನೂರು ರೂಪಾಯಿಯೊಳಗೆ. ಕೂಲಿ ಬೇಡವೆಂದ, ರೈತರು ಒಪ್ಪದೆ ಕೊಟ್ಟರು.

ಎಲ್ಲ ಮಾನಿಟರುಗಳೂ ಹೀಗೆ ಬದುಕುವುದಿಲ್ಲ. ಗಾಜಿನ ಪರದೆ ಒಡೆದರೆ ರಿಪೇರಿಗಿಂತ ಬೇರೆಯದನ್ನು ಕೊಳ್ಳುವುದೇ ಮೇಲು. ಆಗಲೂ ತಿಪ್ಪೆಗೆ ಎಸೆಯಬೇಡಿ, ಸುಡಬೇಡಿ. ಚಿತ್ರನಳಿಗೆಯ ಗಾಜಿನಲ್ಲಿ ಸೀಸವಿದೆ. ಹಳೆಯ ಎಲ್‌ಸಿಡಿಗಳ ಟ್ಯೂಬಿನಲ್ಲಿ ಪಾದರಸವಿದೆ. ಇ-ತ್ಯಾಜ್ಯ ಪಡೆಯುವ ಅಧಿಕೃತ ಕೇಂದ್ರಕ್ಕೇ ಕೊಡಿ.

ದಾರಿಯಲ್ಲಿ ರೈತರು ಕೇಳಿದರು: "ಎಲ್ಡು ಕಾಸಿನ ಸಾಮಾನಿಗೆ ಹೊಸದು ತಗೊಳ್ಳಿ ಅಂದ್ರಲ್ಲ ಮೇಷ್ಟ್ರೇ?" ಮಗಳೇ ಉತ್ತರ ಕೊಟ್ಟಳು: "ಅವ್ರು ದೀಪ ನೋಡ್ನಿಲ್ಲ ಕಣಪ್ಪ. ನಾನೂ ನೋಡಿರ್ನಿಲ್ಲ."

ಪ್ರಾಜೆಕ್ಟನ್ನು ಅವಳು ಎರಡು ದಿನ ಮೊದಲೇ ಒಪ್ಪಿಸಿದಳು.