ಎತ್ತರ ಅಳೆಯಬಹುದು, ಭವಿಷ್ಯ ಅಳೆಯಲಾದೀತೆ?

2025ರ ಜೂನ್ 25ರಂದು ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನಡೆಸಿದ ವಾರ್ಷಿಕ ಆಯ್ಕೆಯಲ್ಲಿ ಡಲ್ಲಾಸ್ ಮೇವರಿಕ್ಸ್ ತಂಡ ಎಲ್ಲರಿಗಿಂತ ಮೊದಲು ಆರಿಸಿಕೊಂಡದ್ದು ಕೂಪರ್ ಫ್ಲ್ಯಾಗ್ ಎಂಬ 18 ವರ್ಷದ ಫಾರ್ವರ್ಡ್ ಆಟಗಾರನನ್ನು. ಮೇನ್ ರಾಜ್ಯದ ನ್ಯೂಪೋರ್ಟ್ ಎಂಬ ಪುಟ್ಟ ಊರಿನ ಈ ಹುಡುಗ ಹೈಸ್ಕೂಲಿನ ಮೊದಲ ವರ್ಷದಲ್ಲೇ ತನ್ನ ಶಾಲೆಗೆ ರಾಜ್ಯ ಪ್ರಶಸ್ತಿ ತಂದುಕೊಟ್ಟ. ಬಳಿಕ ಫ್ಲಾರಿಡಾದ ಮಾಂಟ್‌ವರ್ಡ್ ಅಕಾಡೆಮಿಗೆ ಹೋದ. ಒಂದು ವರ್ಷ ಮುಂಚೆಯೇ ಶಾಲೆ ಮುಗಿಸಿ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದೇ ಒಂದು ವರ್ಷ ಆಡಿ, ವೃತ್ತಿಪರನಾದ. ಸರಿಯಾಗಿ ಹತ್ತು ವರ್ಷಗಳ ಹಿಂದೆ, 2015ರಲ್ಲಿ, ಇದೇ ಡಲ್ಲಾಸ್ ತಂಡ 52ನೆಯ ಆಯ್ಕೆಯಾಗಿ ಪಂಜಾಬಿನ ಬಲ್ಲೋ ಕೆ ಗ್ರಾಮದ ಸತ್ನಾಮ್ ಸಿಂಗ್ ಅವರ ಹೆಸರನ್ನು ಕರೆದಿತ್ತು. ಎನ್‌ಬಿಎ ತಂಡವೊಂದು ಆರಿಸಿಕೊಂಡ ಭಾರತ ಮೂಲದ ಮೊದಲ ಆಟಗಾರ ಅವರು. ಆದರೆ ಎನ್‌ಬಿಎ ಲೀಗಿನ ಒಂದು ಪಂದ್ಯವನ್ನೂ ಅವರು ಆಡಲಿಲ್ಲ. ಮುಂದೆ ವೃತ್ತಿಪರ ಕುಸ್ತಿಯತ್ತ ಹೊರಳಿದರು.

ಈ ಇಬ್ಬರ ನಡುವಿನ ಅಂತರವನ್ನು ಪ್ರತಿಭೆಯ ಲೆಕ್ಕದಲ್ಲಿ ವಿವರಿಸಿ ಸುಮ್ಮನಾಗುವುದು ಸುಲಭ. ನನ್ನ ಕುತೂಹಲ ಬೇರೆ. ಹದಿನೈದು, ಹದಿನಾರು ವರ್ಷದ ಹುಡುಗನೊಬ್ಬನನ್ನು ಗುರುತಿಸಿ, ಅಳೆದು, ಬೆಲೆ ಕಟ್ಟಿ, ಒಲಿಸಿ ಕರೆದೊಯ್ಯುವ ಬೃಹತ್ ವ್ಯವಸ್ಥೆಯೊಂದು ಅಮೆರಿಕದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿದೆ. ಈ ಹುಡುಗನ ಭವಿಷ್ಯದ ಮೇಲೆ ಎಲ್ಲರೂ ಹಣ ಹೂಡುತ್ತಾರೆ. ಹೂಡಿಕೆ ಕೈಕೊಟ್ಟರೆ ನಷ್ಟ ಯಾರ ತಲೆಗೆ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಮತ್ತು ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದವನಾಗಿ ನನ್ನನ್ನು ಕಾಡುವ ಪ್ರಶ್ನೆ ಇದು.

ಮೊದಲಿಗೆ ಈ ಅಳತೆಯ ಕೆಲಸ ಎಷ್ಟು ಕಷ್ಟದ್ದೆಂಬುದನ್ನು ನೋಡೋಣ. ಬಾಸ್ಕೆಟ್‌ಬಾಲಿನಲ್ಲಿ ಫಾರ್ವರ್ಡ್ ಎಂದರೆ ಎತ್ತರವೂ ಬೇಕು, ಚುರುಕೂ ಬೇಕು. ಬುಟ್ಟಿಯ ಕೆಳಗೆ ಹೆಣಗಾಡಿ ಚೆಂಡು ಕಸಿಯಬೇಕು, ದೂರದಿಂದ ಗುರಿಯಿಡಲೂ ಬೇಕು. ಹದಿಹರೆಯದಲ್ಲಿ ಇವೆರಡೂ ಸ್ಥಿರವಾಗಿರುವುದಿಲ್ಲ. ಶಿಕಾಗೊ ನಗರದ ಆಂಟನಿ ಡೇವಿಸ್ ಹೈಸ್ಕೂಲಿನ ಆರಂಭದ ವರ್ಷಗಳಲ್ಲಿ 6 ಅಡಿ ಚಿಲ್ಲರೆ ಎತ್ತರದ, ದೊಡ್ಡ ಕಾಲೇಜುಗಳು ತಿರುಗಿಯೂ ನೋಡದ ಹುಡುಗ. ಶಾಲೆ ಮುಗಿಸುವ ಹೊತ್ತಿಗೆ ಅರ್ಧ ಅಡಿಗೂ ಹೆಚ್ಚು ಬೆಳೆದಿದ್ದ. 2012ರಲ್ಲಿ ದೇಶದ ಮೊದಲ ಆಯ್ಕೆಯಾದ. ಮೈಕೆಲ್ ಜೋರ್ಡನ್ ಅವರ ಜೊತೆಗಾರನಾಗಿ ಆರು ಪ್ರಶಸ್ತಿ ಗೆದ್ದ ಸ್ಕಾಟಿ ಪಿಪ್ಪೆನ್ ಅರ್ಕಾನ್ಸಾದ ಸಣ್ಣ ಕಾಲೇಜೊಂದರಲ್ಲಿ ತಂಡದ ಸಾಮಾನು ಸರಂಜಾಮು ನೋಡಿಕೊಳ್ಳುವ ಹುಡುಗನಾಗಿ ಸೇರಿದವರು. ಅವರೂ ಎತ್ತರ ಗಳಿಸಿದ್ದು ಕಾಲೇಜಿನಲ್ಲಿ.

ಎಣಿಕೆ ತಪ್ಪುವುದು ಇನ್ನೊಂದು ದಿಕ್ಕಿನಲ್ಲೂ ಉಂಟು. 1998ರಲ್ಲಿ ಇಬ್ಬರು ಎತ್ತರದ ಫಾರ್ವರ್ಡ್‌ಗಳು ಕಾಲೇಜನ್ನು ಬದಿಗಿಟ್ಟು ಹೈಸ್ಕೂಲಿನಿಂದ ನೇರವಾಗಿ ಎನ್‌ಬಿಎಗೆ ಹೊರಟರು. 32ನೆಯವನಾಗಿ ಆಯ್ಕೆಯಾದ ರಶಾರ್ಡ್ ಲೂಯಿಸ್ 16 ಋತುಗಳು ಆಡಿದ. 40ನೆಯವನಾಗಿ ಆಯ್ಕೆಯಾದ ಕಾರ್ಲಿಯೋನ್ ಯಂಗ್ ಆಡಿದ್ದು ಮೂರೇ ಪಂದ್ಯ. 2001ರಲ್ಲಿ ದೇಶದ ಅತ್ಯುತ್ತಮ ಶಾಲಾ ಆಟಗಾರರ ಸಾಲಿನಲ್ಲಿದ್ದ ನ್ಯೂಯಾರ್ಕಿನ ಲೆನ್ನಿ ಕುಕ್ ಮರುವರ್ಷ ಎನ್‌ಬಿಎ ಆಯ್ಕೆಗೆ ಹೆಸರು ಕೊಟ್ಟ; ಯಾವ ತಂಡವೂ ಅವನನ್ನು ಕರೆಯಲಿಲ್ಲ. ಶಿಬಿರಗಳಲ್ಲಿ ಕುಳಿತು ಟಿಪ್ಪಣಿ ಬರೆಯುವ ಪ್ರತಿಭಾನ್ವೇಷಕರು ಮೂರ್ಖರೇನಲ್ಲ. ಆದರೆ ಅವರು ಅಳೆಯುವುದು ಇಂದಿನ ದೇಹವನ್ನು. ಬೆಲೆ ಕಟ್ಟುವುದು ನಾಳಿನ ಮನುಷ್ಯನಿಗೆ.

ಹೀಗೆ ಮಾಹಿತಿ ಅಪೂರ್ಣವಾಗಿರುವ ಪೇಟೆಯಲ್ಲಿ ವಿವೇಕಿಗಳು ಕಾಯಬೇಕು. ಆದರೆ ಪೈಪೋಟಿ ಕಾಯಲು ಬಿಡುವುದಿಲ್ಲ. 2012ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ಇಂಥ ಪೇಟೆಗಳನ್ನು ಬಹುಕಾಲ ಅಧ್ಯಯನ ಮಾಡಿದವರು. 1940ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳು ಒಳ್ಳೆಯ ವೈದ್ಯವಿದ್ಯಾರ್ಥಿಗಳು ಕೈತಪ್ಪಬಾರದೆಂದು ಪದವಿಗೆ ಎರಡು ವರ್ಷ ಇರುವಾಗಲೇ ನೇಮಕ ಮುಗಿಸುತ್ತಿದ್ದುದನ್ನು ಅವರು ವಿವರಿಸಿದ್ದಾರೆ. ಪಕ್ಕದವನು ಒಂದು ತಿಂಗಳು ಮುಂಚೆ ಹೋದರೆ ನಾನು ಎರಡು ತಿಂಗಳು ಮುಂಚೆ ಹೋಗಬೇಕು. ಕೊನೆಗೆ ಎಲ್ಲರೂ ಏನೂ ತಿಳಿಯದ ಹೊತ್ತಿನಲ್ಲೇ ಆಯ್ಕೆ ಮಾಡುತ್ತಾರೆ. ಬಾಸ್ಕೆಟ್‌ಬಾಲಿನಲ್ಲೂ ಆದದ್ದು ಇದೇ. 2008ರಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ತರಬೇತುದಾರರು ಎಂಟನೆಯ ತರಗತಿಯ ಬಾಲಕನೊಬ್ಬನಿಂದ ನಮ್ಮ ತಂಡಕ್ಕೇ ಬರುತ್ತೇನೆಂಬ ಬಾಯಿಮಾತಿನ ಒಪ್ಪಿಗೆ ಪಡೆದರು. ಮರುವರ್ಷವೇ ಆ ತರಬೇತುದಾರರು ಹುದ್ದೆ ಕಳೆದುಕೊಂಡರು. ಬಾಲಕ ಆ ತಂಡಕ್ಕೆ ಆಡಲೇ ಇಲ್ಲ.

ಇನ್ನು ಹಣದ ಮಾತು. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ದಶಕಗಳ ಕಾಲ ಒಂದು ತತ್ವಕ್ಕೆ ಅಂಟಿಕೊಂಡಿತ್ತು: ಆಟಗಾರ ಮೊದಲು ವಿದ್ಯಾರ್ಥಿ, ಅವನಿಗೆ ಬೋಧನಾ ಶುಲ್ಕ, ಊಟ, ವಸತಿಗಿಂತ ಹೆಚ್ಚೇನೂ ಸಲ್ಲದು. ಕೇಳಲು ಉದಾತ್ತವಾದ ಮಾತು. ಆದರೆ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದವನ್ನು ಚಾಲ್ತಿಗೆ ತಂದದ್ದು 1950ರ ದಶಕದಲ್ಲಿ, ಆಟದಲ್ಲಿ ಗಾಯಗೊಂಡವರು ಕಾರ್ಮಿಕರೆಂದು ಪರಿಹಾರ ಕೇಳಬಾರದೆಂಬ ಉದ್ದೇಶದಿಂದ. ಆ ಸಂಸ್ಥೆಯ ಮೊದಲ ಕಾರ್ಯನಿರ್ವಾಹಕ ನಿರ್ದೇಶಕ ವಾಲ್ಟರ್ ಬೈಯರ್ಸ್ ನಿವೃತ್ತಿಯ ನಂತರ, 1995ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಾವೇ ಕಟ್ಟಿದ ವ್ಯವಸ್ಥೆಯನ್ನು ಕಟುವಾಗಿ ಟೀಕಿಸಿದರು. ವಿದ್ಯಾರ್ಥಿವೇತನ ಕೂಡ 1973ರಿಂದ ನಾಲ್ಕು ದಶಕ ಕಾಲ ಒಂದೊಂದೇ ವರ್ಷಕ್ಕೆ ನವೀಕರಣವಾಗುವ ಕೃಪೆಯಾಗಿತ್ತು. ಮೊಣಕಾಲು ಮುರಿದ ಹುಡುಗನಿಗೆ ಮುಂದಿನ ವರ್ಷದ ಖಾತರಿ ಇರಲಿಲ್ಲ.

ಈ ತತ್ವದ ವಿಪರ್ಯಾಸ ಪರಾಕಾಷ್ಠೆಗೆ ಮುಟ್ಟಿದ್ದು ಲೆಬ್ರಾನ್ ಜೇಮ್ಸ್ ಪ್ರಕರಣದಲ್ಲಿ. ಓಹಾಯೋದ ಆ್ಯಕ್ರನ್ ನಗರದ ಈ ಫಾರ್ವರ್ಡ್ ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ ಅವನ ಪಂದ್ಯಗಳನ್ನು ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ಸ್ಥಳಾಂತರಿಸಿ ಟಿಕೆಟ್ ಮಾರಲಾಯಿತು, ರಾಷ್ಟ್ರೀಯ ವಾಹಿನಿ ನೇರಪ್ರಸಾರ ಮಾಡಿತು. ಅದೇ ಹುಡುಗ 2003ರಲ್ಲಿ ಅಂಗಡಿಯೊಂದರಿಂದ 845 ಡಾಲರ್ ಬೆಲೆಯ ಎರಡು ಜೆರ್ಸಿಗಳನ್ನು ಉಡುಗೊರೆಯಾಗಿ ಪಡೆದನೆಂದು ರಾಜ್ಯದ ಶಾಲಾ ಕ್ರೀಡಾ ಸಂಸ್ಥೆ ಅವನನ್ನು ಅನರ್ಹಗೊಳಿಸಿತು. ನ್ಯಾಯಾಲಯ ಮಧ್ಯೆ ಬರಬೇಕಾಯಿತು. ಕೆಲವೇ ತಿಂಗಳಲ್ಲಿ ಪಾದರಕ್ಷೆ ಕಂಪನಿಯೊಂದು ಅವನೊಡನೆ ಸುಮಾರು 9 ಕೋಟಿ ಡಾಲರ್ ಮೊತ್ತದ ಒಪ್ಪಂದಕ್ಕೆ ಸಹಿ ಹಾಕಿತು. ಎಲ್ಲರೂ ಅವನಿಂದ ಗಳಿಸಬಹುದಾಗಿತ್ತು. ಅವನೊಬ್ಬ ಗಳಿಸಿದರೆ ಮಾತ್ರ ಕ್ರೀಡೆಯ ಪಾವಿತ್ರ್ಯಕ್ಕೆ ಭಂಗ!

ಬೆಲೆಗೆ ಕೃತಕ ಮಿತಿ ಹಾಕಿದಲ್ಲಿ ಕಾಳಸಂತೆ ಹುಟ್ಟುತ್ತದೆ ಎಂಬುದನ್ನು ತಿಳಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆ ಯಾವ ಯಾವ ದಾರಿ ಹಿಡಿಯುತ್ತಿತ್ತೆಂಬುದನ್ನು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಅಮೆರಿಕದಲ್ಲಿ ಸೀಮೆಎಣ್ಣೆಯ ಬದಲು ಫಾರ್ವರ್ಡ್‌ಗಳಿದ್ದರು, ಅಷ್ಟೆ. 2017ರ ಸೆಪ್ಟೆಂಬರಿನಲ್ಲಿ ಎಫ್‌ಬಿಐ ನಾಲ್ವರು ಸಹಾಯಕ ತರಬೇತುದಾರರೂ ಸೇರಿದಂತೆ ಹತ್ತು ಮಂದಿಯನ್ನು ಬಂಧಿಸಿತು. ಆಟಗಾರರನ್ನು ಇಂಥದೇ ಕಾಲೇಜಿಗೆ ಸೇರಿಸಲು ಅವರ ಕುಟುಂಬಗಳಿಗೆ ಗುಟ್ಟಾಗಿ ಹಣ ಸಂದಾಯವಾಗುತ್ತಿತ್ತೆಂಬುದು ಆರೋಪದ ಸಾರ. ಮರುವರ್ಷ ಅಡಿಡಾಸ್ ಕಂಪನಿಯ ಅಧಿಕಾರಿ ಜೇಮ್ಸ್ ಗ್ಯಾಟೊ ಅವರನ್ನು ನ್ಯಾಯಾಲಯ ತಪ್ಪಿತಸ್ಥರೆಂದು ಘೋಷಿಸಿತು.

ವ್ಯವಸ್ಥೆಯನ್ನು ಬದಲಿಸಿದ್ದು ಅದರ ಆತ್ಮಸಾಕ್ಷಿಯಲ್ಲ, ನ್ಯಾಯಾಲಯಗಳು. ಬಾಲ್ಯದಲ್ಲಿ ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿದಿದ್ದ ಸ್ಪೆನ್ಸರ್ ಹೇವುಡ್ ಎಂಬ ಫಾರ್ವರ್ಡ್, ಹೈಸ್ಕೂಲು ಮುಗಿಸಿ ನಾಲ್ಕು ವರ್ಷ ಕಾಯಲೇಬೇಕೆಂಬ ಎನ್‌ಬಿಎ ನಿಯಮವನ್ನು ಪ್ರಶ್ನಿಸಿದಾಗ 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆತನಿಗೆ ಆಡುವ ಅವಕಾಶ ಉಳಿಸಿಕೊಟ್ಟಿತು. ಎಡ್ ಓಬ್ಯಾನನ್ ಎಂಬ ಇನ್ನೊಬ್ಬ ಫಾರ್ವರ್ಡ್, ತನ್ನದೇ ಪ್ರತಿರೂಪ ವಿಡಿಯೊ ಆಟವೊಂದರಲ್ಲಿ ಓಡಾಡುತ್ತಿರುವುದನ್ನು ಕಂಡು, ತನಗೇಕೆ ಒಂದು ಕಾಸೂ ಇಲ್ಲವೆಂದು 2009ರಲ್ಲಿ ದಾವೆ ಹೂಡಿದರು. 2014ರ ತೀರ್ಪು ಅವರ ಪರವಾಗಿ ಬಂತು. 2021ರ ಜೂನಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಮತ್ತೊಂದು ಪ್ರಕರಣದಲ್ಲಿ ಎನ್‌ಸಿಎಎ ವಿರುದ್ಧ ಒಮ್ಮತದ ತೀರ್ಪಿತ್ತರು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಗಳಿಸಲು ಅನುಮತಿ ದೊರೆಯಿತು. 2025ರ ಜೂನಿನಲ್ಲಿ ನ್ಯಾಯಾಲಯ ಅನುಮೋದಿಸಿದ ರಾಜಿ ಒಪ್ಪಂದದಂತೆ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲಬೇಕು. ಪ್ರತಿ ವಿಶ್ವವಿದ್ಯಾಲಯ 2025–26ರಲ್ಲಿ ತನ್ನ ಕ್ರೀಡಾಪಟುಗಳಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು.

ಹಣ ಮೇಜಿನ ಕೆಳಗಿನಿಂದ ಮೇಜಿನ ಮೇಲಕ್ಕೆ ಬಂದದ್ದು ಒಳ್ಳೆಯದೇ. ದುಡಿದವನಿಗೆ ಕೂಲಿ ಸಿಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹಣ ಮಕ್ಕಳನ್ನು ಕೆಡಿಸುತ್ತದೆ ಎಂದು ವಾದಿಸುವವರು, ಅದೇ ಮಕ್ಕಳ ಬೆವರಿನಿಂದ ಕೋಟಿಗಟ್ಟಲೆ ಸಂಬಳ ಪಡೆಯುವ ತರಬೇತುದಾರರ ಬಗ್ಗೆ ಮೌನವಾಗಿದ್ದುದನ್ನು ಮರೆಯಲಾಗದು. ಆದರೆ ಇಷ್ಟರಿಂದಲೇ ಸಮಸ್ಯೆ ಬಗೆಹರಿಯಿತೆಂದು ನಾನು ನಂಬಲಾರೆ. ಬೆಲೆ ಬಹಿರಂಗವಾದರೆ ಕಾಳಸಂತೆ ಕರಗುತ್ತದೆ, ನಿಜ. ಹದಿನಾರರ ಹುಡುಗನ ದೇಹ ಇಪ್ಪತ್ತರಲ್ಲಿ ಹೇಗಿರುತ್ತದೆಂಬ ಅನಿಶ್ಚಿತತೆ ಕರಗುವುದಿಲ್ಲ. ಎನ್‌ಸಿಎಎ ಲೆಕ್ಕಗಳ ಪ್ರಕಾರವೇ ಹೈಸ್ಕೂಲಿನಲ್ಲಿ ಆಡುವ ಐದು ಲಕ್ಷಕ್ಕೂ ಹೆಚ್ಚು ಹುಡುಗರಲ್ಲಿ ಕಾಲೇಜು ತಂಡ ಸೇರುವವರು ನೂರಕ್ಕೆ ಮೂರು–ನಾಲ್ಕು ಮಂದಿ. ಎನ್‌ಬಿಎ ವರ್ಷವೊಂದಕ್ಕೆ ಆಯ್ಕೆ ಮಾಡುವುದು ಹೆಚ್ಚೆಂದರೆ 60 ಜನರನ್ನು, ಅದೂ ಇಡೀ ಜಗತ್ತಿನಿಂದ. ಕಾಲೇಜು ಒಂದು ಋತುವಿನಲ್ಲಿ ಹತ್ತಾರು ಹುಡುಗರ ಮೇಲೆ ಪಣ ಕಟ್ಟುತ್ತದೆ. ನಾಲ್ಕು ಸೋತರೂ ಒಂದು ಗೆದ್ದರೆ ಸಾಕು. ಹುಡುಗನಿಗಾದರೋ ಇರುವುದು ಒಂದೇ ದೇಹ, ಒಂದೇ ಯೌವನ. ಅಪಾಯವನ್ನು ಹಂಚಿಕೊಳ್ಳುವ ಶಕ್ತಿಯಿರುವ ಸಂಸ್ಥೆ ಅದನ್ನು ಹೊರುವುದಿಲ್ಲ. ಶಕ್ತಿಯಿಲ್ಲದ ಕುಟುಂಬ ಪೂರ್ತಿಯಾಗಿ ಹೊರುತ್ತದೆ. ಈ ಪೇಟೆಯ ನಿಜವಾದ ಅನ್ಯಾಯ ಇಲ್ಲಿದೆ.

ಇದು ದೂರದ ದೇಶದ ಕಥೆ, ನಮಗೇನು ಎನ್ನುವಂತಿಲ್ಲ. ಎನ್‌ಬಿಎ 2017ರಲ್ಲಿ ದೆಹಲಿಯ ಸಮೀಪ ಬಾಲಕರಿಗಾಗಿ ಅಕಾಡೆಮಿ ಆರಂಭಿಸಿತು. ಅಲ್ಲಿ ತರಬೇತಾದ ಕೆಲವರು ಅಮೆರಿಕದ ಶಾಲೆ, ಕಾಲೇಜುಗಳಿಗೆ ಹೋದರು. ಮಗ ಆರಡಿ ದಾಟಿದನೆಂದು ಅಲ್ಲಿನ ವಿದ್ಯಾರ್ಥಿವೇತನದ ಕನಸು ಕಾಣುವ ತಂದೆತಾಯಿಗಳು ಬೆಂಗಳೂರಿನಲ್ಲೂ ಇದ್ದಾರೆ. ವಿದ್ಯಾರ್ಥಿ ವೀಸಾದಲ್ಲಿ ಹೋದವರ ದುಡಿಮೆಗೆ ಅಮೆರಿಕದ ಕಾನೂನು ಕಟ್ಟುನಿಟ್ಟಿನ ಮಿತಿ ಹಾಕಿದೆ. ಆದ್ದರಿಂದ ಹೊಸ ಹಣದ ಹೊಳೆಯಲ್ಲಿ ಅಮೆರಿಕನ್ ಸಹಪಾಠಿಯಷ್ಟು ಸಲೀಸಾಗಿ ನಮ್ಮ ಹುಡುಗ ಕೈತೊಳೆಯಲಾರ ಎಂಬುದನ್ನು ಅವರು ಅರಿತಿರಬೇಕು. ಇನ್ನು ಕ್ರಿಕೆಟ್ಟಿನಲ್ಲಿ 2024ರ ನವೆಂಬರಿನ ಐಪಿಎಲ್ ಹರಾಜಿನಲ್ಲಿ 13 ವರ್ಷದ ವೈಭವ್ ಸೂರ್ಯವಂಶಿಗೆ 1.10 ಕೋಟಿ ರೂಪಾಯಿ ಬೆಲೆ ಬಂದದ್ದನ್ನು ನಾವೆಲ್ಲ ಕಂಡಿದ್ದೇವೆ. ಆತ ಬೆಳಗಿದ್ದು ಸಂತೋಷದ ಸಂಗತಿ. ಆದರೆ ಆ ಬೆಳಕನ್ನು ನೋಡಿ ಶಾಲೆ ಬಿಡುವ ಸಾವಿರಾರು ಹುಡುಗರ ಲೆಕ್ಕವನ್ನು ಯಾವ ಹರಾಜೂ ಇಡುವುದಿಲ್ಲ.

ಹಾಗಾದರೆ ಪರಿಹಾರವೇನು? ಪ್ರತಿಭಾನ್ವೇಷಣೆಯನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಹಳ್ಳಿಯ ಹುಡುಗನೊಬ್ಬನನ್ನು ಯಾರೂ ಹುಡುಕಿಕೊಂಡು ಹೋಗದಿದ್ದರೆ ಸತ್ನಾಮ್ ಸಿಂಗ್ ಬಲ್ಲೋ ಕೆ ಬಿಟ್ಟು ಹೊರಡುತ್ತಲೇ ಇರಲಿಲ್ಲ. ಬೇಕಾಗಿರುವುದು ಮೂರು ಕಟ್ಟುಪಾಡು. ಮೊದಲನೆಯದು, ಒಪ್ಪಂದಕ್ಕೊಂದು ವಯಸ್ಸು. ಯಾರೂ ಮೊದಲು ಓಡಬಾರದೆಂಬ ನಿಯಮವಿದ್ದರೆ ಮಾತ್ರ ಎಲ್ಲರೂ ಕಾಯುತ್ತಾರೆ. ವೈದ್ಯರ ನೇಮಕದಲ್ಲಿ ಅಮೆರಿಕ ಕಂಡುಕೊಂಡ ದಾರಿಯೂ ಇದೇ, ಎಲ್ಲರಿಗೂ ಒಂದೇ ದಿನ. ಎರಡನೆಯದು, ಆಯ್ಕೆ ಮಾಡಿದವರೇ ಅಪಾಯದ ಪಾಲು ಹೊರಬೇಕು. ಗಾಯವಾಗಲಿ, ಫಾರ್ಮ್ ಹೋಗಲಿ, ಪದವಿ ಮುಗಿಯುವವರೆಗಿನ ಓದಿನ ಖರ್ಚು ಮತ್ತು ವೈದ್ಯಕೀಯ ವಿಮೆ ಒಪ್ಪಂದದ ಮುರಿಯಲಾಗದ ಭಾಗವಾಗಬೇಕು. ಮೂರನೆಯದು, ಹುಡುಗನ ಪಕ್ಕದಲ್ಲಿ ಕೂರಲು, ಕಮಿಷನ್ನಿನ ಹಂಗಿಲ್ಲದ ಸಲಹೆಗಾರನೊಬ್ಬ. ಮೇಜಿನ ಆ ಬದಿಯಲ್ಲಿ ವಕೀಲರ ಪಡೆಯೇ ಇದ್ದು ಈ ಬದಿಯಲ್ಲಿ ಕಂಗಾಲಾದ ತಾಯಿಯೊಬ್ಬಳೇ ಇದ್ದರೆ ಅದನ್ನು ಒಪ್ಪಂದವೆನ್ನಲಾಗದು.

ಈ ಮೂರೂ ನಮ್ಮ ರಾಜ್ಯದ ಕ್ರೀಡಾ ವಸತಿ ನಿಲಯಗಳಿಗೂ ಸಲ್ಲುತ್ತವೆ. ಕೇಂದ್ರ ಸರ್ಕಾರ 2017ರಲ್ಲಿ ಖೇಲೊ ಇಂಡಿಯಾ ಯೋಜನೆಯನ್ನು ಪುನಾರಚಿಸಿದಾಗ ಆಯ್ದ ಕ್ರೀಡಾಪಟುವಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯಂತೆ 8 ವರ್ಷಗಳ ನೆರವು ಘೋಷಿಸಿತು. ದೀರ್ಘಾವಧಿಯ ಈ ಕಲ್ಪನೆ ಮೆಚ್ಚತಕ್ಕದ್ದು. ಆದರೆ ನಡುವೆ ಪಟ್ಟಿಯಿಂದ ಹೊರಬಿದ್ದವನ ಗತಿಯೇನು ಎಂಬುದು ಯೋಜನೆಯ ಗುಣವನ್ನು ಅಳೆಯುವ ನಿಜವಾದ ಒರೆಗಲ್ಲು. ಪದಕಗಳ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ಮುದ್ರಿಸುವ ಇಲಾಖೆಗಳು, ನಿಲಯಕ್ಕೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮುಗಿಸಿದರು ಎಂಬ ಅಂಕಿಯನ್ನೂ ಅದರ ಪಕ್ಕದಲ್ಲೇ ಮುದ್ರಿಸಲಿ. ಕಡತ ತಿರುವಿದರೆ ಸಿಗುವ ಅಂಕಿ ಅದು; ಹೆಚ್ಚುವರಿ ಅನುದಾನವೇನೂ ಬೇಕಾಗಿಲ್ಲ.